ನಳಿಗೆಯ ಉದ್ದ, ತೋಟೆಯ ಅಳತೆ: ಅರೆ-ಸ್ವಯಂಚಾಲಿತ ರೈಫಲಿನ ಒಂದು ಪಾಠ

ಸೇನೆಗೆ ಹೊಸ ರೈಫಲು ಬರುತ್ತದೆಂಬ ಸುದ್ದಿ ವರ್ತಮಾನಪತ್ರಿಕೆಗಳಲ್ಲಿ ಬಂದಾಗಲೆಲ್ಲ ಅದರ ಹೆಸರಿನ ಹಿಂದೆಮುಂದೆ ಕೆಲವು ಅಂಕೆಗಳು ಅಂಟಿಕೊಂಡು ಬರುತ್ತವೆ. ಒಂದು ಕಡೆ ೭.೬೨, ಇನ್ನೊಂದು ಕಡೆ ೫.೫೬, ಮತ್ತೊಂದು ಕಡೆ ೧೬ ಅಂಗುಲದ ನಳಿಗೆ. ವಾಚನಾಲಯದ ಮೇಜಿನ ಸುತ್ತ ಕುಳಿತು ಓದುವವರಲ್ಲಿ ಬಹಳ ಮಂದಿ ಈ ಅಂಕೆಗಳನ್ನು ದಾಟಿ ಮುಂದಿನ ಸಾಲಿಗೆ ಹೋಗುವುದುಂಟು. ಹಾಗೆ ದಾಟಿ ಹೋಗುವಷ್ಟು ಸಣ್ಣ ಸಂಗತಿ ಇದಲ್ಲ. ಈ ಅಂಕೆಗಳನ್ನು ಗೊತ್ತುಮಾಡುವವರು ಕಚೇರಿಯ ಮೇಜಿನ ಮುಂದೆ ಕುಳಿತವರು. ಅವುಗಳ ಭಾರವನ್ನು ಹೊರುವವನು ಗಡಿಯಲ್ಲಿ ನಿಂತ ಸಿಪಾಯಿ. ನಮ್ಮಲ್ಲಿ ಎಷ್ಟೋ ಮನೆಗಳಿಂದ ಒಬ್ಬ ಅಣ್ಣನೋ ತಮ್ಮನೋ ಸೇನೆಯಲ್ಲಿರುವುದರಿಂದ ಈ ವಿಷಯವನ್ನು ನಾವು ಸ್ವಲ್ಪ ತಾಳ್ಮೆಯಿಂದ ತಿಳಿದುಕೊಳ್ಳುವುದು ಒಳ್ಳೆಯದು.

ಪ್ರಕೃತ ಪಾಠದ ಸಾರವನ್ನು ಮೊದಲೇ ಹೇಳಿಬಿಡುತ್ತೇವೆ. ಎಲ್ಲ ಕೆಲಸಕ್ಕೂ ಒಪ್ಪುವ ನಳಿಗೆಯ ಉದ್ದವೆಂಬುದು ಇಲ್ಲ; ಎಲ್ಲಕ್ಕಿಂತ ಶ್ರೇಷ್ಠವಾದ ತೋಟೆಯೆಂಬುದೂ ಇಲ್ಲ. ತೋಟೆ, ನಳಿಗೆ, ಅವನ್ನು ಹೊತ್ತು ನಡೆಯುವ ಮನುಷ್ಯ, ತೋಟೆಯನ್ನು ಒದಗಿಸುವ ಉಗ್ರಾಣ, ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ತೂಗಿದಾಗ ಮಾತ್ರ ಆಯ್ಕೆ ಸರಿಯಾಗುತ್ತದೆ. ಒಂದನ್ನು ಬದಲಾಯಿಸಿ ಉಳಿದ ಮೂರನ್ನು ಮರೆತಾಗ ಏನಾಯಿತೆಂಬುದಕ್ಕೆ ಚರಿತ್ರೆಯಲ್ಲಿ ಉದಾಹರಣೆಗಳಿವೆ.

ಕೆಲವು ಪದಗಳ ಪರಿಚಯ

ಕೋವಿಯ ಭಾಗಗಳಿಗೆ ನಮ್ಮ ನಾಡಿನಲ್ಲಿ ಹಳೆಯ ಹೆಸರುಗಳೇ ಇವೆ. ಗುಂಡು ಹಾದುಹೋಗುವ ಉಕ್ಕಿನ ಕೊಳವೆಗೆ ನಳಿಗೆ ಎನ್ನುತ್ತೇವೆ. ಒಂಟಿ ನಳಿಗೆ, ಜೋಡಿ ನಳಿಗೆ ಎಂಬ ಮಾತುಗಳನ್ನು ಕೊಡಗು ಮಲೆನಾಡುಗಳ ಕಡೆಯವರು ಚಿಕ್ಕಂದಿನಿಂದ ಕೇಳಿರುತ್ತಾರೆ. ಹಿತ್ತಾಳೆಯ ಚಿಪ್ಪಿನೊಳಗೆ ಮದ್ದು ತುಂಬಿ, ತುದಿಗೆ ಗುಂಡು ಕೂರಿಸಿ, ಬುಡಕ್ಕೆ ಕಿಡಿ ಹೊತ್ತಿಸುವ ಸಣ್ಣ ಬಟ್ಟಲನ್ನು ಇಟ್ಟದ್ದು ತೋಟೆ. ಗುಂಡು ಎಂದರೆ ನಳಿಗೆಯಿಂದ ಹೊರಗೆ ಹಾರುವ ಭಾಗ ಮಾತ್ರ. ಚಿಪ್ಪು ಹಿಂದೆಯೇ ಉಳಿಯುತ್ತದೆ. ತೋಟೆಗೂ ಗುಂಡಿಗೂ ಇರುವ ಈ ಭೇದವನ್ನು ಪತ್ರಿಕೆಗಳೂ ಒಮ್ಮೊಮ್ಮೆ ಮರೆಯುತ್ತವೆ.

ರೈಫಲಿನ ನಳಿಗೆಯ ಒಳಮೈ ನುಣುಪಾಗಿರುವುದಿಲ್ಲ. ಸುರುಳಿಯಾಗಿ ಕೊರೆದ ಗೀರುಗಳು ಒಳಗಿನ ಉದ್ದಕ್ಕೂ ಇರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸುವುದರಿಂದ ಅದು ಗಾಳಿಯಲ್ಲಿ ಪಲ್ಟಿ ಹೊಡೆಯದೆ ಮೂಗು ಮುಂದಾಗಿ ನೇರವಾಗಿ ಸಾಗುತ್ತದೆ. ಈ ಒಳಕೊಳವೆಯ ವ್ಯಾಸಕ್ಕೆ ಕ್ಯಾಲಿಬರ್ ಎಂದು ಹೆಸರು; ವಾಡಿಕೆಯಲ್ಲಿ ಬೋರ್ ಎನ್ನುತ್ತಾರೆ.

ಇನ್ನು ಅರೆ-ಸ್ವಯಂಚಾಲಿತ ಎಂದರೇನು? ಹಳೆಯ ರೈಫಲಿನಲ್ಲಿ ಪ್ರತಿ ಈಡಿನ ನಂತರವೂ ಬೋಲ್ಟನ್ನು ಕೈಯಿಂದ ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕು. ಅರೆ-ಸ್ವಯಂಚಾಲಿತದಲ್ಲಿ ಆ ಕೆಲಸವನ್ನು ಈಡಿನ ಬಲವೇ ಮಾಡಿಬಿಡುತ್ತದೆ. ಖಾಲಿ ಚಿಪ್ಪು ತಾನಾಗಿ ಹೊರಗೆ ಬೀಳುತ್ತದೆ, ಹೊಸ ತೋಟೆ ತಾನಾಗಿ ಒಳಗೆ ಸೇರುತ್ತದೆ. ಆದರೆ ಕುದುರೆಯನ್ನು ಒಂದು ಸಲ ಎಳೆದರೆ ಒಂದೇ ಗುಂಡು. ಮತ್ತೊಂದು ಗುಂಡಿಗೆ ಬೆರಳನ್ನು ಬಿಟ್ಟು ಮತ್ತೆ ಎಳೆಯಬೇಕು. ಎಳೆದು ಹಿಡಿದಷ್ಟು ಕಾಲ ಗುಂಡು ಸುರಿಯುವುದು ಪೂರ್ಣ ಸ್ವಯಂಚಾಲಿತ. ಅದು ಬೇರೆ.

ತೋಟೆಯ ಅಂಕೆಗಳನ್ನು ಓದುವ ಬಗೆ

೭.೬೨×೫೧ ಎಂದು ಬರೆದಿದ್ದರೆ ಮೊದಲ ಅಂಕೆ ಬೋರಿನ ವ್ಯಾಸ, ಎರಡನೆಯದು ಚಿಪ್ಪಿನ ಉದ್ದ, ಎರಡೂ ಮಿಲಿಮೀಟರುಗಳಲ್ಲಿ. ಇಂಗ್ಲಿಷರ ಪದ್ಧತಿಯಲ್ಲಿ ಅಂಗುಲದ ಭಾಗದಲ್ಲಿ ಹೇಳುವುದು ರೂಢಿ. ನಮ್ಮ ಸಿಪಾಯಿಗಳು ತ್ರೀ ನಾಟ್ ತ್ರೀ ಎಂದು ಕರೆದ .೩೦೩ ಹಾಗೆ ಬಂದ ಹೆಸರು. ಅಮೆರಿಕದ .೩೦-೦೬ ಎಂಬುದರಲ್ಲಿ .೩೦ ಎಂದರೆ ಅಂಗುಲದ ನೂರರಲ್ಲಿ ಮೂವತ್ತು ಪಾಲು. ೦೬ ಎಂದರೆ ಅದು ಬಳಕೆಗೆ ಬಂದ ೧೯೦೬ನೆಯ ಇಸವಿ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಬೋರು ಒಂದೇ ಆದಮಾತ್ರಕ್ಕೆ ತೋಟೆ ಒಂದೇ ಆಗುವುದಿಲ್ಲ. ಒಂದೇ ಅಗಲದ ಬಾಯಿಯುಳ್ಳ ಚೊಂಬೂ ಕೊಡವೂ ಇರಬಹುದಷ್ಟೆ. ಹಿಡಿಸುವ ನೀರು ಬೇರೆ ಬೇರೆ. ೭.೬೨ ಬೋರಿನ ಮೂರು ತೋಟೆಗಳನ್ನು, ೫.೫೬ ಬೋರಿನ ಒಂದು ತೋಟೆಯನ್ನು ಅಕ್ಕಪಕ್ಕ ಇಟ್ಟು ನೋಡೋಣ. ಅಂಕೆಗಳು ಸುಮಾರಿನವು.

ಅಮೆರಿಕದ .೩೦-೦೬, ಅಂದರೆ ೭.೬೨×೬೩: ಗುಂಡಿನ ತೂಕ ೯.೭ ಗ್ರಾಂ, ವೇಗ ಸೆಕೆಂಡಿಗೆ ೮೩೫ ಮೀಟರ್, ಶಕ್ತಿ ೩,೪೦೦ ಜೂಲ್.
ನ್ಯಾಟೋ ರಾಷ್ಟ್ರಗಳ ೭.೬೨×೫೧: ಗುಂಡು ೯.೫ ಗ್ರಾಂ, ವೇಗ ೮೪೦ ಮೀಟರ್, ಶಕ್ತಿ ೩,೩೫೦ ಜೂಲ್.
ರಷ್ಯದ ೭.೬೨×೩೯: ಗುಂಡು ೭.೯ ಗ್ರಾಂ, ವೇಗ ೭೧೫ ಮೀಟರ್, ಶಕ್ತಿ ೨,೦೦೦ ಜೂಲ್.
೫.೫೬×೪೫: ಗುಂಡು ೪ ಗ್ರಾಂ, ವೇಗ ೯೪೦ ಮೀಟರ್, ಶಕ್ತಿ ೧,೭೫೦ ಜೂಲ್.

ಈ ಪಟ್ಟಿಯಿಂದ ತಿಳಿಯುವುದೇನು? ದೊಡ್ಡ ತೋಟೆಯ ಗುಂಡು ಹೆಚ್ಚು ದೂರ ತನ್ನ ಬಲವನ್ನು ಉಳಿಸಿಕೊಳ್ಳುತ್ತದೆ. ಗಾಳಿ ಅದನ್ನು ಅಷ್ಟು ಸುಲಭವಾಗಿ ಪಕ್ಕಕ್ಕೆ ತಳ್ಳಲಾರದು. ಆದರೆ ಅದಕ್ಕೆ ಬೆಲೆ ತೆರಬೇಕು. ೭.೬೨×೫೧ರ ಒಂದು ತೋಟೆ ಸುಮಾರು ೨೪ ಗ್ರಾಂ ತೂಗಿದರೆ ೫.೫೬ರ ಒಂದು ತೋಟೆ ಸುಮಾರು ೧೨ ಗ್ರಾಂ. ನೂರು ತೋಟೆಗೆ ಒಂದು ಕಡೆ ೨ ಕಿಲೋ ೪೦೦ ಗ್ರಾಂ, ಇನ್ನೊಂದು ಕಡೆ ೧ ಕಿಲೋ ೨೦೦ ಗ್ರಾಂ. ಹತ್ತು ಹನ್ನೆರಡು ಸಾವಿರ ಅಡಿಯ ಎತ್ತರದಲ್ಲಿ, ಉಸಿರು ಕಟ್ಟುವ ಗಾಳಿಯಲ್ಲಿ ನಡೆಯುವವನಿಗೆ ಒಂದು ಕಿಲೋ ಎಂಬುದು ಸಣ್ಣ ಅಂಕೆಯಲ್ಲ. ಇದಲ್ಲದೆ ದೊಡ್ಡ ತೋಟೆ ಹೆಗಲಿಗೆ ಹೆಚ್ಚು ಬಲವಾಗಿ ಒದೆಯುತ್ತದೆ. ಒದೆತ ಹೆಚ್ಚಿದಷ್ಟೂ ಎರಡನೆಯ ಗುಂಡಿಗೆ ಗುರಿ ಹಿಡಿಯುವುದು ತಡವಾಗುತ್ತದೆ. ಬೇಗ ಬೇಗ ಗುಂಡು ಹಾರಿಸುವ ಸೌಕರ್ಯಕ್ಕಾಗಿಯೇ ಮಾಡಿದ ಅರೆ-ಸ್ವಯಂಚಾಲಿತ ರೈಫಲಿನಲ್ಲಿ ಇದು ಗಮನಿಸಬೇಕಾದ ಮಾತು.

ನಳಿಗೆಯ ಉದ್ದ ಮಾಡುವ ಕೆಲಸ

ಮದ್ದು ಉರಿದು ಅನಿಲವಾಗಿ ಗುಂಡನ್ನು ಹಿಂದಿನಿಂದ ತಳ್ಳುತ್ತದೆ. ನಳಿಗೆಯೊಳಗೆ ಇರುವಷ್ಟು ಕಾಲ ಮಾತ್ರ ಈ ತಳ್ಳುವಿಕೆ. ತಳ್ಳುಗಾಡಿಯ ಹಿಂದೆ ಹತ್ತು ಹೆಜ್ಜೆ ಓಡಿ ತಳ್ಳಿದರೆ ಬರುವ ವೇಗ ನಾಲ್ಕು ಹೆಜ್ಜೆ ತಳ್ಳಿದರೆ ಬರುವುದಿಲ್ಲ. ಆದುದರಿಂದ ನಳಿಗೆ ಉದ್ದವಾದಷ್ಟೂ ಗುಂಡಿನ ವೇಗ ಹೆಚ್ಚು. ಆದರೆ ಮುಂದೆ ಮುಂದೆ ಹೋದಂತೆ ಅನಿಲದ ಒತ್ತಡ ಕುಗ್ಗುವುದರಿಂದ ಕೊನೆಕೊನೆಯ ಅಂಗುಲಗಳು ಕೊಡುವ ಲಾಭ ಕಡಿಮೆಯಾಗುತ್ತ ಬರುತ್ತದೆ. ಮದ್ದು ಕಡಿಮೆಯಿರುವ ಸಣ್ಣ ತೋಟೆಗೆ ಆ ಮಿತಿ ಬೇಗ ಬರುತ್ತದೆ. ಗುರಿ ಅಭ್ಯಾಸಕ್ಕೆ ಬಳಸುವ .೨೨ರ ಚಿಕ್ಕ ತೋಟೆ ಸುಮಾರು ೧೬ ಅಂಗುಲದೊಳಗೆ ತನ್ನ ವೇಗವನ್ನೆಲ್ಲ ಪಡೆದುಬಿಡುತ್ತದೆ. ಮದ್ದು ಹೆಚ್ಚು ಹಿಡಿಸುವ .೩೦-೦೬ಕ್ಕೆ ೨೪ ಅಂಗುಲವೂ ಉಪಯೋಗಕ್ಕೆ ಬರುತ್ತದೆ.

ಎಷ್ಟು ವೇಗ ಕಳೆದುಹೋಗುತ್ತದೆಂಬುದಕ್ಕೆ ಒಂದು ಲೆಕ್ಕ ನೋಡೋಣ. ಅಮೆರಿಕದ ಎಂ-೧೬ ರೈಫಲಿನ ನಳಿಗೆ ೨೦ ಅಂಗುಲ; ಅದೇ ತೋಟೆಯನ್ನು ಹಾರಿಸುವ ಎಂ-೪ರ ನಳಿಗೆ ೧೪.೫ ಅಂಗುಲ. ಐದೂವರೆ ಅಂಗುಲ ಕಡಿಮೆಯಾದುದಕ್ಕೆ ವೇಗದಲ್ಲಿ ಸೆಕೆಂಡಿಗೆ ಸುಮಾರು ೬೦ ಮೀಟರ್ ನಷ್ಟ. ಅಂಗುಲಕ್ಕೆ ಹನ್ನೊಂದು ಮೀಟರಿನಷ್ಟಾಯಿತು. ಹಗುರವಾದ ಗುಂಡಿಗೆ ವೇಗವೇ ಬಂಡವಾಳ. ಆದಕಾರಣ ೫.೫೬ರಂತಹ ತೋಟೆಗೆ ಈ ನಷ್ಟ ಹೆಚ್ಚು ತಟ್ಟುತ್ತದೆ. ೭.೬೨×೩೯ರಂತಹ ತೋಟೆ ಮೊದಲೇ ನಿಧಾನದ್ದು, ಮದ್ದೂ ಮಿತವಾದದ್ದು. ಅದರ ರೈಫಲಿಗೆ ೧೬ ಅಂಗುಲದ ಆಸುಪಾಸಿನ ನಳಿಗೆಯೇ ಸಾಕಾಗುತ್ತದೆ.

ಉದ್ದ ನಳಿಗೆಯಿಂದ ಗುರಿ ತಾನಾಗಿ ಚೆನ್ನಾಗುತ್ತದೆಂಬ ನಂಬಿಕೆ ಬಹಳ ಜನರಲ್ಲಿದೆ. ಇದು ಅರ್ಧ ಮಾತ್ರ ನಿಜ. ಗುರಿಯ ನಿಖರತೆ ಬರುವುದು ನಳಿಗೆ ನೇರವಾಗಿ, ಒಳಗೆ ಒಂದೇ ಸಮನಾಗಿ, ಬಾಗದಷ್ಟು ಗಡುಸಾಗಿ ಇರುವುದರಿಂದ. ಚಿಕ್ಕದಾದರೂ ದಪ್ಪವಾದ ನಳಿಗೆ ತೆಳುವಾದ ಉದ್ದ ನಳಿಗೆಗಿಂತ ಕಡಿಮೆ ನಡುಗುತ್ತದೆ. ಹಾಗಾದರೆ ಉಳಿದರ್ಧ ಯಾವುದು? ಹಿಂದಿನ ಕಿಂಡಿಯನ್ನೂ ಮುಂದಿನ ಮುಳ್ಳನ್ನೂ ಕಣ್ಣಿನಿಂದ ಸರಿಹೊಂದಿಸುವಾಗ ಅವೆರಡರ ನಡುವಿನ ಅಂತರ ಹೆಚ್ಚಿದ್ದರೆ ತಪ್ಪು ಕಡಿಮೆಯಾಗುತ್ತದೆ. ದುರ್ಬೀನು ಕೂರಿಸಿದ ರೈಫಲಿನಲ್ಲಿ ಈ ಲಾಭವೂ ಇಲ್ಲ.

ಉದ್ದ ನಳಿಗೆಯ ತೊಂದರೆಗಳು ಯಾರಿಗೂ ಹೊಳೆಯುವಂಥವೇ. ತೂಕ ಮುಂದಕ್ಕೆ ಜಗ್ಗುತ್ತದೆ. ಲಾರಿಯೊಳಗೆ ಹತ್ತುವಾಗ, ಬಾಗಿಲು ದಾಟುವಾಗ, ಪೊದೆ ನುಸುಳುವಾಗ ತಗಲುತ್ತದೆ. ಚಿಕ್ಕ ನಳಿಗೆಯಲ್ಲಿ ಇವು ತಪ್ಪುತ್ತವೆ. ಅದರ ಬದಲು ಮದ್ದು ಪೂರ್ತಿ ಕೆಲಸ ಮಾಡುವುದಕ್ಕೆ ಮೊದಲೇ ಅನಿಲ ಹೊರಗೆ ನುಗ್ಗಿ, ಬಾಯಲ್ಲಿ ಬೆಂಕಿಯ ಮಿಂಚೂ ಕಿವಿಗಡಚಿಕ್ಕುವ ಸದ್ದೂ ಹೆಚ್ಚುತ್ತವೆ.

ನಳಿಗೆಯೇ ಯಂತ್ರವಾದಾಗ

ಇಲ್ಲಿಯವರೆಗೆ ಹೇಳಿದ್ದು ಎಲ್ಲ ರೈಫಲುಗಳಿಗೂ ಸಲ್ಲುತ್ತದೆ. ಅರೆ-ಸ್ವಯಂಚಾಲಿತಕ್ಕೆ ಇನ್ನೊಂದು ಮಾತಿದೆ. ಇಂತಹ ಬಹುಪಾಲು ಸೇನಾ ರೈಫಲುಗಳಲ್ಲಿ ನಳಿಗೆಯ ಗೋಡೆಗೆ ಒಂದು ಸಣ್ಣ ರಂಧ್ರವಿರುತ್ತದೆ. ಗುಂಡು ಆ ರಂಧ್ರವನ್ನು ದಾಟಿದೊಡನೆ ಅನಿಲದ ಒಂದು ಪಾಲು ಅದರೊಳಕ್ಕೆ ನುಗ್ಗಿ ಬೋಲ್ಟನ್ನು ಹಿಂದಕ್ಕೆ ನೂಕುತ್ತದೆ. ಗುಂಡು ನಳಿಗೆಯ ಬಾಯಿಂದ ಹೊರಬಿದ್ದ ಕ್ಷಣ ಒತ್ತಡ ಇಳಿದುಹೋಗುತ್ತದೆ. ಅಂದರೆ ರಂಧ್ರದಿಂದ ಬಾಯಿಯವರೆಗಿನ ದೂರವನ್ನು ಗುಂಡು ದಾಟುವ ಆ ಕಣ್ಣೆವೆಯಷ್ಟೂ ಇಲ್ಲದ ಕಾಲದಲ್ಲಿ ಯಂತ್ರಕ್ಕೆ ಬೇಕಾದ ನೂಕು ದೊರೆತುಬಿಡಬೇಕು. ಕಡಿಮೆಯಾದರೆ ಖಾಲಿ ಚಿಪ್ಪು ಹೊರಬೀಳದು. ಹೆಚ್ಚಾದರೆ ಬೋಲ್ಟು ರಭಸದಿಂದ ಹಿಂದಕ್ಕೆ ಹಾರಿ, ಇನ್ನೂ ಬಿಗಿಯಾಗಿ ಅಂಟಿಕೊಂಡಿರುವ ಚಿಪ್ಪಿನ ಅಂಚನ್ನು ಹರಿದುಬಿಡಬಹುದು.

ಆದುದರಿಂದ ಅರೆ-ಸ್ವಯಂಚಾಲಿತದಲ್ಲಿ ನಳಿಗೆ ಬರಿಯ ಕೊಳವೆಯಲ್ಲ, ಯಂತ್ರದ ಒಂದು ಅಂಗ. ಅದರ ಉದ್ದ, ರಂಧ್ರದ ಸ್ಥಾನ, ಮದ್ದಿನ ಜಾತಿ, ಬೋಲ್ಟಿನ ತೂಕ, ಇವು ಒಂದಕ್ಕೊಂದು ಗಂಟುಬಿದ್ದಿವೆ. ಎಂ-೪ರಲ್ಲಿ ನಳಿಗೆಯನ್ನು ಗಿಡ್ಡ ಮಾಡಿದಾಗ ರಂಧ್ರವನ್ನೂ ಹಿಂದಕ್ಕೆ ಸರಿಸಬೇಕಾಯಿತು. ಹಿಂದೆ ಸರಿದಂತೆ ಅಲ್ಲಿನ ಒತ್ತಡ ಹೆಚ್ಚು. ಯಂತ್ರದ ಮೇಲೆ ಬೀಳುವ ಹೊಡೆತವೂ ಹೆಚ್ಚು. ನಳಿಗೆಯ ಉದ್ದವನ್ನು ಬಟ್ಟೆಯ ಥಾನಿನಂತೆ ಬೇಕಾದಷ್ಟು ಕತ್ತರಿಸಿಕೊಳ್ಳಬಹುದೆಂದು ತಿಳಿಯುವುದು ತಪ್ಪು.

ಒಂದು ದಾಸ್ತಾನು ಪುಸ್ತಕದ ಕಥೆ

ಈಗ ಒಂದು ನಿಜವಾದ ಆಯ್ಕೆಯನ್ನು ನೋಡೋಣ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ಜಾನ್ ಗೆರಾಂಡ್ ಎಂಬ ಯಂತ್ರಜ್ಞನಿದ್ದ. ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ೧೮೮೮ರಲ್ಲಿ ಹುಟ್ಟಿದವನು. ೧೯೧೯ರಿಂದ ಆ ಶಸ್ತ್ರಾಗಾರದಲ್ಲಿ ಅರೆ-ಸ್ವಯಂಚಾಲಿತ ರೈಫಲಿಗಾಗಿ ದುಡಿದ. ಅದೇ ಸಮಯದಲ್ಲಿ ಜಾನ್ ಪೆಡರ್‌ಸನ್ ಎಂಬಾತ .೨೭೬ ಎಂಬ ಹೊಸ ತೋಟೆಯನ್ನು ಸಿದ್ಧಪಡಿಸಿದ್ದ. ಸುಮಾರು ೭ ಮಿಲಿಮೀಟರಿನ ಗುಂಡು; .೩೦-೦೬ಕ್ಕಿಂತ ಹಗುರ, ಒದೆತ ಕಡಿಮೆ. ಈ ತೋಟೆಗೆ ಹೊಂದಿಸಿ ಮಾಡಿದ ಗೆರಾಂಡನ ರೈಫಲು ಒಂದು ತುಂಬಿಗೆ ಹತ್ತು ತೋಟೆ ಹಿಡಿಯುತ್ತಿತ್ತು. ಪರೀಕ್ಷೆಗಳಾದ ಮೇಲೆ ೧೯೩೨ರ ಜನವರಿಯಲ್ಲಿ ಪರಿಶೀಲನಾ ಮಂಡಳಿ ಅದನ್ನೇ ಶಿಫಾರಸು ಮಾಡಿತು.

ಮುಂದಿನ ತಿಂಗಳೇ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಡಗ್ಲಾಸ್ ಮೆಕಾರ್ಥರ್ ಶಿಫಾರಸನ್ನು ತಳ್ಳಿಹಾಕಿದರು. ಉಗ್ರಾಣಗಳಲ್ಲಿ .೩೦-೦೬ ತೋಟೆಗಳ ದೊಡ್ಡ ದಾಸ್ತಾನಿತ್ತು. ಮೆಷಿನ್‌ಗನ್ನುಗಳೂ ಹಳೆಯ ರೈಫಲುಗಳೂ ಅದೇ ತೋಟೆಯನ್ನು ತಿನ್ನುತ್ತಿದ್ದವು. ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ ವರ್ಷ ಅದು. ಎರಡು ಬಗೆಯ ತೋಟೆ ಇಟ್ಟುಕೊಂಡರೆ ಯುದ್ಧದ ಗಡಿಬಿಡಿಯಲ್ಲಿ ಒಂದು ತುಕಡಿಗೆ ಹೋಗಬೇಕಾದ ಪೆಟ್ಟಿಗೆ ಇನ್ನೊಂದಕ್ಕೆ ಹೋದೀತೆಂಬ ಭಯವೂ ಸುಳ್ಳಲ್ಲ. ಗೆರಾಂಡ್ ತನ್ನ ರೈಫಲನ್ನು .೩೦-೦೬ಕ್ಕೆ ಹೊಂದಿಸಿದ. ಹತ್ತರ ಬದಲು ಎಂಟು ತೋಟೆ, ೨೪ ಅಂಗುಲದ ನಳಿಗೆ, ಸುಮಾರು ಒಂಬತ್ತೂವರೆ ಪೌಂಡು ತೂಕ. ೧೯೩೬ರಲ್ಲಿ ಎಂ-೧ ಎಂಬ ಹೆಸರಿನಿಂದ ಸೇನೆ ಅದನ್ನು ಸ್ವೀಕರಿಸಿತು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ನಲವತ್ತು ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು.

ಕಚೇರಿಗಳಲ್ಲಿ ದಾಸ್ತಾನು ಪುಸ್ತಕ ಬರೆಯುವ ನಮ್ಮ ಸ್ನೇಹಿತರು ಈ ಕಥೆಯನ್ನು ಚೆನ್ನಾಗಿ ಬಲ್ಲರು. ಇರುವ ಸಾಮಾನು ತೀರದೆ ಹೊಸದನ್ನು ತರಿಸುವುದು ಹೇಗೆ ಎಂಬ ಪ್ರಶ್ನೆ ಎಲ್ಲ ಉಗ್ರಾಣಗಳಲ್ಲೂ ಒಂದೇ. ಮೆಕಾರ್ಥರ್ ತಪ್ಪು ಮಾಡಿದರೆಂದು ಹೇಳುವವರೂ ಉಂಟು, ಸರಿ ಎನ್ನುವವರೂ ಉಂಟು. ನಾವು ಕಲಿಯಬೇಕಾದುದು ಇಷ್ಟು: ತೋಟೆಯ ಆಯ್ಕೆ ಪ್ರಯೋಗಶಾಲೆಯಲ್ಲಿ ಮಾತ್ರ ಆಗುವುದಿಲ್ಲ. ಅತ್ಯುತ್ತಮವಾದ ತೋಟೆ ಕೈಗೆ ಸಿಗದಿದ್ದರೆ ಅದಕ್ಕೆ ಮಾಡಿದ ರೈಫಲು ಒಂದು ದೊಣ್ಣೆಗಿಂತ ಹೆಚ್ಚಲ್ಲ.

ಆದರೂ ಅದೇ ಸೇನೆ ಇನ್ನೊಂದು ದಾರಿಯನ್ನೂ ತೋರಿಸಿತು. ಲಾರಿ ಓಡಿಸುವವನಿಗೆ, ತಂತಿ ಎಳೆಯುವವನಿಗೆ, ತೋಪಿನ ಬಳಿ ದುಡಿಯುವವನಿಗೆ, ಲೆಕ್ಕ ಬರೆಯುವ ಗುಮಾಸ್ತನಿಗೆ ಒಂಬತ್ತೂವರೆ ಪೌಂಡಿನ ರೈಫಲೇಕೆ ಎಂದು ಕೇಳಿಕೊಂಡು, ೧೯೪೧ರಲ್ಲಿ ಎಂ-೧ ಕಾರ್ಬೈನ್ ಎಂಬ ಅರೆ-ಸ್ವಯಂಚಾಲಿತವನ್ನು ತಂದರು. ನಳಿಗೆ ಸುಮಾರು ೧೮ ಅಂಗುಲ, ತೂಕ ಐದು ಪೌಂಡಿನ ಸುಮಾರು. ಬೋರು .೩೦ ಆದರೂ ತೋಟೆ ಬಹಳ ಚಿಕ್ಕದು. ಶಕ್ತಿ ೧,೩೦೦ ಜೂಲಿನಷ್ಟು. ದೂರದ ಗುರಿಗೆ ಅದು ಸಾಲದು. ಆದರೆ ಅದನ್ನು ಹೊತ್ತವನ ಕೆಲಸವೇ ಬೇರೆ. ಮೊದಲು ಮನುಷ್ಯನ ಕೆಲಸವನ್ನು ನೋಡಿ, ಆಮೇಲೆ ತೋಟೆಯನ್ನು ಗೊತ್ತುಮಾಡಿ, ಕಡೆಗೆ ನಳಿಗೆಯನ್ನು ಅಳೆದರು. ಕ್ರಮವೆಂದರೆ ಇದು.

ಮದ್ದು ಬದಲಾದ ಕಥೆ

೧೯೫೪ರ ಹೊತ್ತಿಗೆ ನ್ಯಾಟೋ ರಾಷ್ಟ್ರಗಳು ೭.೬೨×೫೧ನ್ನು ಒಪ್ಪಿಕೊಂಡವು. ಹೊಸ ಬಗೆಯ ಮದ್ದು ಬಂದುದರಿಂದ ೬೩ ಮಿಲಿಮೀಟರಿನ ಚಿಪ್ಪಿನ ಕೆಲಸವನ್ನು ೫೧ ಮಿಲಿಮೀಟರಿನ ಚಿಪ್ಪೇ ಮಾಡುವಂತಾಗಿತ್ತು. ಬ್ರಿಟನ್ನಿನವರು ೭ ಮಿಲಿಮೀಟರಿನ ಚಿಕ್ಕ ತೋಟೆಯೊಂದನ್ನು ಮುಂದಿಟ್ಟಿದ್ದರು. ಅಮೆರಿಕದವರು ದೊಡ್ಡದೇ ಬೇಕೆಂದು ಪಟ್ಟುಹಿಡಿದರು. ಆದರೆ ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಅಮೆರಿಕ ವಿಯೆಟ್ನಾಮಿನ ಕಾಡುಗಳಿಗೆ ೫.೫೬ರ ಎಂ-೧೬ ರೈಫಲನ್ನು ಕಳುಹಿಸುತ್ತಿತ್ತು. ಇದು ಒಂದೊಂದಾಗಿಯೂ ಎಡೆಬಿಡದೆಯೂ ಗುಂಡು ಹಾರಿಸಬಲ್ಲ ಆಯುಧ. ಆದರೆ ಇದರ ಪಾಠ ಅರೆ-ಸ್ವಯಂಚಾಲಿತಕ್ಕೂ ಒಪ್ಪುತ್ತದೆ.

ಆ ರೈಫಲನ್ನು ರಚಿಸಿ ಪರೀಕ್ಷಿಸಿದ್ದು ಒಂದು ಜಾತಿಯ ಮದ್ದಿನಿಂದ. ೧೯೬೪ರಲ್ಲಿ ತೋಟೆಗೆ ಬೇರೊಂದು ಜಾತಿಯ ಮದ್ದನ್ನು ತುಂಬತೊಡಗಿದರು. ನಳಿಗೆ ಅದೇ, ರಂಧ್ರ ಅದೇ, ಗುಂಡು ಅದೇ. ಆದರೆ ರಂಧ್ರದ ಬಳಿ ಒತ್ತಡ ಬೇರೆಯಾಯಿತು. ಬೋಲ್ಟಿನ ಓಟ ಹೆಚ್ಚಿತು, ಮಸಿಯೂ ಹೆಚ್ಚಿತು. ತೋಟೆ ಕೂರುವ ಕೋಣೆಗೆ ಕ್ರೋಮಿಯಂ ಲೇಪವಿರಲಿಲ್ಲವಾಗಿ ತೇವದ ನಾಡಿನಲ್ಲಿ ತುಕ್ಕು ಹಿಡಿಯಿತು. ಸಾಕಷ್ಟು ಶುಚಿಮಾಡುವ ಸಾಮಾನನ್ನೂ ಒದಗಿಸಿರಲಿಲ್ಲ. ಕಾಳಗದ ನಡುವೆ ಖಾಲಿ ಚಿಪ್ಪು ಕೋಣೆಯಲ್ಲಿ ಸಿಕ್ಕಿಕೊಂಡು, ಅದನ್ನು ಸಲಾಕೆಯಿಂದ ಹೊರಗೆ ತಳ್ಳಲು ಹೆಣಗುತ್ತಲೇ ಸಿಪಾಯಿಗಳು ಸತ್ತರು. ಮೊದಮೊದಲು ತಪ್ಪನ್ನು ಹೊರಿಸಿದ್ದು ರೈಫಲನ್ನು ಸರಿಯಾಗಿ ಶುಚಿಮಾಡಲಿಲ್ಲವೆಂದು ಸಿಪಾಯಿಯ ಮೇಲೆಯೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ೧೯೬೭ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ವಿಚಾರಣೆ ನಡೆಸಿ, ಸಾಕಷ್ಟು ಪರೀಕ್ಷೆಯಿಲ್ಲದೆ ಮದ್ದನ್ನು ಬದಲಾಯಿಸಿದ್ದು ತೊಂದರೆಗೆ ಮುಖ್ಯ ಕಾರಣವೆಂದು ವರದಿ ಮಾಡಿತು. ಮುಂದೆ ಕ್ರೋಮಿಯಂ ಲೇಪ ಬಂತು, ಮದ್ದೂ ಯಂತ್ರವೂ ತಿದ್ದುಪಡಿಯಾದವು, ರೈಫಲು ಚೆನ್ನಾಗಿಯೇ ನಡೆಯಿತು. ಸತ್ತವರು ಮರಳಲಿಲ್ಲ.

ನಮ್ಮ ದೇಶದಲ್ಲಿ

೧೯೬೨ರ ಚೀನಾ ಯುದ್ಧದಲ್ಲಿ ನಮ್ಮ ಜವಾನರ ಕೈಯಲ್ಲಿದ್ದುದು ಮುಖ್ಯವಾಗಿ .೩೦೩ ರೈಫಲು. ನಳಿಗೆ ೨೫ ಅಂಗುಲದಷ್ಟು ಉದ್ದ, ಗುಂಡು ಬಲವಾದದ್ದು. ಆದರೆ ಪ್ರತಿ ಈಡಿಗೂ ಬೋಲ್ಟನ್ನು ಕೈಯಿಂದಲೇ ಎಳೆಯಬೇಕು. ಆ ಯುದ್ಧದ ತರುವಾಯ ಬಂಗಾಳದ ಈಶಾಪುರದ ಕಾರ್ಖಾನೆಯಲ್ಲಿ ೧ಎ೧ ಎಂಬ ಅರೆ-ಸ್ವಯಂಚಾಲಿತ ರೈಫಲು ತಯಾರಾಗತೊಡಗಿತು. ಜವಾನರು ಎಸ್.ಎಲ್.ಆರ್. ಎಂದು ಕರೆದದ್ದು ಇದನ್ನೇ. ತೋಟೆ ೭.೬೨×೫೧, ನಳಿಗೆ ೨೧ ಅಂಗುಲದ ಸುಮಾರು. ೧೯೬೫ರ ಮತ್ತು ೧೯೭೧ರ ಯುದ್ಧಗಳ ಕಾಲದ ಅನೇಕ ಚಿತ್ರಗಳಲ್ಲಿ ಇದನ್ನು ಕಾಣಬಹುದು.

ಆಮೇಲೆ ಬಂದದ್ದು ಇನ್ಸಾಸ್. ಪುಣೆಯ ಪಾಷಾಣದಲ್ಲಿರುವ ಶಸ್ತ್ರಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ಇದರ ರಚನೆಯಾಯಿತು. ಆ ಊರಿನಲ್ಲಿರುವ ನಮ್ಮ ಕನ್ನಡ ಬಂಧುಗಳು ಅದರ ಬೇಲಿಯ ಪಕ್ಕದಲ್ಲಿ ಓಡಾಡಿರುತ್ತಾರೆ. ತೋಟೆ ೫.೫೬, ನಳಿಗೆ ೪೬೪ ಮಿಲಿಮೀಟರ್, ಅಂದರೆ ೧೮ ಅಂಗುಲಕ್ಕೆ ತುಸು ಹೆಚ್ಚು. ೧೯೯೦ರ ದಶಕದಲ್ಲಿ ಸೇನೆಗೆ ಬಂತು. ೧೯೯೯ರ ಕಾರ್ಗಿಲ್ ಯುದ್ಧದಲ್ಲಿ ವಿಪರೀತ ಚಳಿಗೆ ಅದರ ಪ್ಲಾಸ್ಟಿಕ್ಕಿನ ಮ್ಯಾಗಜೀನು ಬಿರುಕು ಬಿಡುತ್ತದೆಂಬ ದೂರುಗಳು ಬಂದವು. ಗಮನಿಸಿರಿ: ಆ ದೋಷ ಬೋರಿನದೂ ಅಲ್ಲ, ನಳಿಗೆಯದೂ ಅಲ್ಲ. ಆಯ್ಕೆಯೆಲ್ಲ ಸರಿಯಾದರೂ ಒಂದು ಸಣ್ಣ ಡಬ್ಬಿ ಕೈಕೊಟ್ಟರೆ ಜವಾನನ ಪಾಲಿಗೆ ರೈಫಲೇ ಕೈಕೊಟ್ಟಂತೆ.

೨೦೧೯ರಲ್ಲಿ ನಮ್ಮ ಸರ್ಕಾರ ೭೨,೪೦೦ ಸಿಗ್-೭೧೬ ರೈಫಲುಗಳಿಗೆ ಒಪ್ಪಂದ ಮಾಡಿಕೊಂಡಿತು. ತೋಟೆ ಮತ್ತೆ ೭.೬೨×೫೧, ನಳಿಗೆ ಮಾತ್ರ ೧೬ ಅಂಗುಲ. ೨೦೨೧ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಎಕೆ-೨೦೩ ರೈಫಲುಗಳಿಗೆ ರಷ್ಯದೊಡನೆ ಒಪ್ಪಂದವಾಯಿತು. ಉತ್ತರ ಪ್ರದೇಶದ ಕೊರ್ವಾದಲ್ಲಿ ಅವು ತಯಾರಾಗುತ್ತವೆ. ಅದರ ತೋಟೆ ೭.೬೨×೩೯. ಎರಡಕ್ಕೂ ೭.೬೨ ಎಂಬ ಒಂದೇ ಅಂಕೆಯಿದ್ದರೂ ಒಂದರ ತೋಟೆ ಇನ್ನೊಂದಕ್ಕೆ ಬಾರದೆಂಬುದು ಈಗ ವಾಚಕರಿಗೆ ಸ್ಪಷ್ಟವಾಗಿದೆ. ಉಗ್ರಾಣದಲ್ಲಿ ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸುವ ಗುಮಾಸ್ತ ಎರಡನೆಯ ಅಂಕೆಯನ್ನು ಬಿಟ್ಟರೆ ಏನಾದೀತೆಂಬುದನ್ನು ಊಹಿಸಿಕೊಳ್ಳಬಹುದು.

ಈ ಚಕ್ರ ಇನ್ನೂ ನಿಂತಿಲ್ಲ. ೨೦೨೨ರಲ್ಲಿ ಅಮೆರಿಕದ ಭೂಸೇನೆ ೬.೮ ಮಿಲಿಮೀಟರಿನ ಹೊಸ ತೋಟೆಯ ರೈಫಲನ್ನು ಆರಿಸಿತು. ತೋಟೆಯೊಳಗಿನ ಒತ್ತಡವನ್ನು ಬಹಳ ಏರಿಸಿ, ನಳಿಗೆಯನ್ನು ಸುಮಾರು ೧೩ ಅಂಗುಲಕ್ಕೆ ಇಳಿಸಿದ್ದಾರೆ. ೧೯೩೨ರಲ್ಲಿ ಬೇಡವೆಂದ ೭ ಮಿಲಿಮೀಟರಿನ ಹತ್ತಿರಕ್ಕೆ ತೊಂಬತ್ತು ವರ್ಷಗಳ ಮೇಲೆ ಬಂದು ನಿಂತಂತಾಯಿತು.

ಕಾಯಿದೆಯೂ ಅಳತೆಗೋಲೇ

ಅಮೆರಿಕದಲ್ಲಿ ಸಾಮಾನ್ಯ ಪ್ರಜೆಗಳೂ ಬಿಡಿಭಾಗಗಳನ್ನು ಕೊಂಡು ಅರೆ-ಸ್ವಯಂಚಾಲಿತ ರೈಫಲು ಜೋಡಿಸಿಕೊಳ್ಳುವ ರೂಢಿಯಿದೆ. ಅಲ್ಲಿಯೂ ನಳಿಗೆಯ ಉದ್ದಕ್ಕೆ ೧೯೩೪ರ ಕಾಯಿದೆಯ ಕಟ್ಟುಪಾಡಿದೆ. ಮೊದಲು ೧೮ ಅಂಗುಲವಿದ್ದ ಮಿತಿ ೧೯೬೦ರಲ್ಲಿ ೧೬ಕ್ಕೆ ಇಳಿಯಿತು. ಅದಕ್ಕಿಂತ ಗಿಡ್ಡವಾದ ರೈಫಲನ್ನು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಬೇಕು. ಅಲ್ಲಿ ೧೬ ಅಂಗುಲದ ನಳಿಗೆ ಅಷ್ಟೊಂದು ಬಳಕೆಯಲ್ಲಿರುವುದಕ್ಕೆ ಇದೂ ಒಂದು ಕಾರಣ.

ನಮ್ಮಲ್ಲಿ ಹಾಗಲ್ಲ. ೧೯೫೯ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಯಾವ ಬಂದೂಕನ್ನೂ ತಯಾರಿಸಕೂಡದು. ಅದೇ ಕಾಯಿದೆಯ ೬ನೆಯ ಕಲಮಿನಂತೆ ಪರವಾನಗಿಯಿಲ್ಲದೆ ನಳಿಗೆಯನ್ನು ಗಿಡ್ಡ ಮಾಡುವುದೂ ಅಪರಾಧ. ಅರೆ-ಸ್ವಯಂಚಾಲಿತ ರೈಫಲು ಸಾಧಾರಣ ಪರವಾನಗಿಗೆ ದೊರೆಯತಕ್ಕದ್ದಲ್ಲ. .೩೦೩ ಮುಂತಾದ ಸೇನೆಯ ಬೋರುಗಳು ನಿಷಿದ್ಧ. ಅದಕ್ಕಾಗಿಯೇ ಈಶಾಪುರದವರು ಪ್ರಜೆಗಳಿಗಾಗಿ .೩೧೫ ಎಂಬ ಬೇರೆ ಬೋರಿನ, ಕೈಯಿಂದ ಬೋಲ್ಟೆಳೆಯುವ ರೈಫಲನ್ನು ಮಾಡಿದರು. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಬಹುಕಾಲದಿಂದ ವಿನಾಯಿತಿ ಇದೆ. ೨೦೧೯ರಲ್ಲಿ ಕೇಂದ್ರ ಸರ್ಕಾರ ಅದನ್ನು ೨೦೨೯ರವರೆಗೆ ಮುಂದುವರಿಸಿತು. ಆ ವಿನಾಯಿತಿಯ ಹೆಸರಿನಲ್ಲಿ ಸೇನೆಯ ರೈಫಲು ಮನೆಗೆ ಬರುವುದಿಲ್ಲ. ಆದುದರಿಂದ ಈ ಪಾಠ ತಿಳಿವಳಿಕೆಗಾಗಿ, ಕೈಕೆಲಸಕ್ಕಲ್ಲ.

ಆಯ್ಕೆಯ ಕ್ರಮವನ್ನು ಮತ್ತೊಮ್ಮೆ ಸಂಗ್ರಹವಾಗಿ ಹೇಳುತ್ತೇವೆ. ಹೊರುವವನು ಯಾರು, ಅವನ ಕೆಲಸವೇನು? ಎಷ್ಟು ದೂರದ ಗುರಿ, ಎಂಥ ನೆಲ? ಅದಕ್ಕೆ ತಕ್ಕ ತೋಟೆ ಯಾವುದು, ಅದು ಉಗ್ರಾಣದಿಂದ ತಪ್ಪದೆ ಬಂದೀತೇ? ಆ ತೋಟೆಯ ಮದ್ದಿಗೆ ಎಷ್ಟು ಉದ್ದದ ನಳಿಗೆ ಬೇಕು, ಹೊರುವವನು ಎಷ್ಟನ್ನು ತಾಳಿಯಾನು? ಕಡೆಯದಾಗಿ, ಇವೆಲ್ಲವನ್ನೂ ಕೂಡಿಸಿ ಕೆಸರು, ಧೂಳು, ಹಿಮಗಳಲ್ಲಿ ಪರೀಕ್ಷಿಸಿದ್ದಾಯಿತೇ? ಆ ಮೇಲೆ ಒಂದನ್ನು ಬದಲಾಯಿಸಿದರೂ ಪರೀಕ್ಷೆಯನ್ನು ಮೊದಲಿನಿಂದ ನಡೆಸಬೇಕು.

ಅಭ್ಯಾಸ

೧. ೭.೬೨×೫೧ರ ೧೮೦ ತೋಟೆಗಳಿಗೂ ೫.೫೬ರ ೧೮೦ ತೋಟೆಗಳಿಗೂ ತೂಕವೆಷ್ಟು? ವ್ಯತ್ಯಾಸವೆಷ್ಟು?

೨. ಶಕ್ತಿಯು ವೇಗದ ವರ್ಗವನ್ನು ಅನುಸರಿಸುತ್ತದೆ. ೪ ಗ್ರಾಂ ಗುಂಡಿನ ವೇ೗ ೯೪೦ ಮೀಟರಿನಿಂದ ೮೮೦ಕ್ಕೆ ಇಳಿದರೆ ವೇಗದಲ್ಲಿ ನೂರಕ್ಕೆ ಆರರಷ್ಟು ನಷ್ಟ. ಶಕ್ತಿಯಲ್ಲಿ ನೂರಕ್ಕೆ ಎಷ್ಟು? ಹನ್ನೆರಡರ ಸುಮಾರಿಗೆ ಬಂದರೆ ನಿಮ್ಮ ಲೆಕ್ಕ ಸರಿ.

೩. ೧೯೩೨ರಲ್ಲಿ ಉಗ್ರಾಣದ ಲೆಕ್ಕವನ್ನು ನೋಡಿ ಆಯ್ಕೆ ಮಾಡಿದರು. ೧೯೬೪ರಲ್ಲಿ ಪರೀಕ್ಷೆಯನ್ನು ಬಿಟ್ಟು ಬದಲಾವಣೆ ಮಾಡಿದರು. ಇವೆರಡರಲ್ಲಿ ಭೇದವೇನು? ನಿಮ್ಮ ಕಚೇರಿಯಲ್ಲೋ ಕಾರ್ಖಾನೆಯಲ್ಲೋ ಮೇಲಿನವರು ಮಾಡಿದ ಬದಲಾವಣೆಯ ಭಾರ ಕೆಳಗಿನವರ ಮೇಲೆ ಬಿದ್ದ ಸಂಗತಿಯಿದ್ದರೆ ಅದರೊಡನೆ ಹೋಲಿಸಿ ಹತ್ತು ಸಾಲು ಬರೆಯಿರಿ.